ಕಾರಿಗೆಂದು ತಂದ ಸಾಲ ಎಲ್ಲಿಗೆ ಹೋಯಿತು?

(ಆಲೆಟ್ಟಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕರೆಂಟಿನ ಕಾರು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಮನೆಯ ಪ್ಲಗ್ಗಿಗೆ ಹಾಕಿದರೆ ಚಾರ್ಜು ಆಗುತ್ತಿತ್ತು. ಇಂದು ಊರೂರಲ್ಲಿ ಚಾರ್ಜಿಂಗ್ ಸ್ಟೇಷನ್ ಮಾತು. 'ಜಾಗ ಕೊಡಿ, ಹಣ ಹಾಕಿ' ಎನ್ನುವವರು ನಾಳೆ ನಮ್ಮಲ್ಲಿಗೂ ಬಂದಾರು. ಅದಕ್ಕೆ ಮೊದಲು ಬ್ಲೂಸ್ಮಾರ್ಟ್ ಎಂಬ ಕಂಪನಿಯ ಕತೆ ಕೇಳಿ.

2019ರಲ್ಲಿ ದೆಹಲಿ ಕಡೆ ಶುರುವಾದ ಈ ಕಂಪನಿ ಕರೆಂಟಿನ ಕಾರುಗಳನ್ನು ಬಾಡಿಗೆಗೆ ಓಡಿಸಿತು, ತನ್ನದೇ ಚಾರ್ಜಿಂಗ್ ತಾಣಗಳನ್ನು ಕಟ್ಟಿತು. ಆಮೇಲೆ ಬೆಂಗಳೂರಿಗೂ ಬಂತು. ಮಳೆ ಬಂತೆಂದು ದರ ಏರಿಸಲಿಲ್ಲ. ಜನ ಮೆಚ್ಚಿದರು. ಸ್ವಂತ ಕಾರಿಲ್ಲದ ಸಾವಿರಾರು ಚಾಲಕರಿಗೆ ಅನ್ನದ ದಾರಿಯಾಯಿತು.

ಆದರೆ ಕಾರು ಯಾರದು? ಹಲವು ಸಾವಿರ ಕಾರುಗಳು ಜೆನ್ಸಾಲ್ ಎಂಜಿನಿಯರಿಂಗ್ ಎಂಬ ಇನ್ನೊಂದು ಕಂಪನಿಯವು. ಎರಡರ ಹಿಂದೆಯೂ ಜಗ್ಗಿ ಸಹೋದರರೇ! 2025ರ ಏಪ್ರಿಲ್ 15ರಂದು ಸೆಬಿ ತನ್ನ ಮಧ್ಯಂತರ ಆದೇಶದಲ್ಲಿ ಲೆಕ್ಕ ಬಿಡಿಸಿಟ್ಟಿತು. 6,400 ಕಾರು ಕೊಳ್ಳಲೆಂದು ಕೇಂದ್ರ ಸರ್ಕಾರದ ಎರಡು ಹಣಕಾಸು ಸಂಸ್ಥೆಗಳಿಂದ ಪಡೆದ ಸಾಲ 663.89 ಕೋಟಿ ರೂಪಾಯಿ. ಕೊಂಡದ್ದು 4,704 ಕಾರು. ಕಂಪನಿ ತಾನೇ ಹಾಕಬೇಕಿದ್ದ ಪಾಲೂ ಸೇರಿ 262.13 ಕೋಟಿಗೆ ಲೆಕ್ಕವೇ ಸಿಗಲಿಲ್ಲ. ಗುರುಗ್ರಾಮದ ಐಷಾರಾಮಿ ಮನೆಯೊಂದಕ್ಕೂ ಸಾಲದ ಹಣ ಹರಿದಿದೆ ಎಂದಿತು ಸೆಬಿ.

ಮರುದಿನದಿಂದಲೇ ಬ್ಲೂಸ್ಮಾರ್ಟ್ ಬಾಡಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸತೊಡಗಿತು. ಚಾಲಕರು ಬೀದಿಗೆ ಬಿದ್ದರು. ಪ್ರಯಾಣಿಕರು ಮುಂಗಡ ತುಂಬಿದ್ದ ಹಣ ಸಿಕ್ಕಿಬಿತ್ತು. ಬ್ಯಾಟರಿ ಕೆಟ್ಟಿರಲಿಲ್ಲ, ಗಿರಾಕಿ ಕಡಿಮೆಯಾಗಿರಲಿಲ್ಲ. ಚಾರ್ಜರುಗಳು ನಿಂತಲ್ಲೇ ನಿಂತಿದ್ದವು!

ನಾನು ಪ್ರೆಸ್ಸಿನವನು. ಮದುವೆ ಕಾಗದಕ್ಕೆಂದು ನೀವು ಕೊಟ್ಟ ಮುಂಗಡದಲ್ಲಿ ನಾನು ಮನೆಗೆ ಟೈಲ್ಸ್ ಹಾಕಿಸಿದರೆ ಮುಹೂರ್ತದ ದಿನ ನಿಮ್ಮ ಕೈಯಲ್ಲಿ ಏನಿರುತ್ತದೆ? ಇಷ್ಟೇ ವಿಷಯ. ನಮ್ಮ ಸೊಸೈಟಿಯ ಸಾಲದಲ್ಲಿ ಪಂಪು ತಂದರೆ ಬಿಲ್ಲು ಕೇಳುತ್ತಾರೆ, ಪಂಪು ನೋಡುತ್ತಾರೆ. ಸಾವಿರಾರು ಕಾರನ್ನು ಹೊತ್ತಿಗೆ ಸರಿಯಾಗಿ ಎಣಿಸಿದವರು ಯಾರು?

ಆದ್ದರಿಂದ ಬಂಧುಗಳೇ, ಕರೆಂಟಿನ ಗಾಡಿ ಬೇಡವೆಂದು ನಾನು ಹೇಳುವುದಿಲ್ಲ. ಬರಲಿ! ಆದರೆ ಯಾರೇ ಬಂದರೂ ಕೇಳಿ: ಯಂತ್ರ ಯಾರ ಹೆಸರಿನಲ್ಲಿದೆ? ಮೀಟರು ಯಾರ ಹೆಸರಿನಲ್ಲಿದೆ? ಕಂಪನಿ ಮುಚ್ಚಿದರೆ ನಮ್ಮ ಜಾಗ, ನಮ್ಮ ಠೇವಣಿ ಹೇಗೆ ವಾಪಸು ಬರುತ್ತದೆ? ಕರಾರುಪತ್ರ ಕನ್ನಡದಲ್ಲಿರಲಿ. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ದುಡಿಯಲು ಬೆಂಗಳೂರಿಗೆ ಹೋಗುವ ನಮ್ಮ ಹುಡುಗರಿಗೂ ಇದೇ ಮಾತು ಹೇಳಿ ಕಳಿಸಿ.

ಲೆಕ್ಕ ಕೇಳುವುದು ಅವಮಾನವಲ್ಲ, ಅದು ನಮ್ಮ ಹಕ್ಕು.