ವಿಯೆಟ್ನಾಮಿನ ‘ಫೋ’: ಅಂಗಡಿಯ ತಿಂಡಿ ಮನೆಯ ಒಲೆಗೆ ಬಂದ ಕಥೆ



ಬೆಳಗಿನ ತಿಂಡಿಗೆ ಒಂದೊಂದು ಊರಿನಲ್ಲಿ ಒಂದೊಂದು ಪರಿಮಳ. ವಿಯೆಟ್ನಾಮಿನ ರಾಜಧಾನಿ ಹನೋಯ್‌ನಲ್ಲಿ ಅದು ಮೂಳೆಯ ಸಾರಿನದು, ಸುಟ್ಟ ಶುಂಠಿಯದು, ಚಕ್ಕೆ ಮತ್ತು ಚಕ್ರಮೊಗ್ಗಿನದು. ಬೆಳಕು ಹರಿಯುವ ಹೊತ್ತಿಗೆ ಬೀದಿಬದಿಯ ಅಂಗಡಿಗಳ ಮುಂದೆ ಜನ ಗಿಡ್ಡನೆಯ ಸ್ಟೂಲುಗಳ ಮೇಲೆ ಕುಳಿತಿರುತ್ತಾರೆ. ಹಬೆಯಾಡುವ ಬಟ್ಟಲಿನಿಂದ ಅಕ್ಕಿಯ ಎಳೆಗಳನ್ನು ಕಡ್ಡಿಗಳಿಂದ ಎತ್ತಿ ತಿಂದು, ಸಾರು ಕುಡಿದು ಕೆಲಸಕ್ಕೆ ಹೊರಡುತ್ತಾರೆ. ಈ ತಿಂಡಿಯೇ ‘ಫೋ’.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಫೋ ಮೂಲತಃ ಮನೆಯ ಅಡುಗೆಯಲ್ಲ, ಅಂಗಡಿಯ ಅಡುಗೆ. ದೊಡ್ಡ ಹಂಡೆ, ರಾಶಿ ಮೂಳೆ, ಗಂಟೆಗಟ್ಟಲೆ ಉರಿ ಇವೆಲ್ಲ ಬೇಕಾದ ಕೆಲಸವನ್ನು ಅಲ್ಲಿಯ ಗೃಹಿಣಿಯರು ಅಂಗಡಿಯವರಿಗೇ ಬಿಟ್ಟಿದ್ದರು. ನಾಲ್ಕು ಹೆಜ್ಜೆ ನಡೆದರೆ ಸಿಗುವ ತಿಂಡಿಗೆ ರಾತ್ರಿಯೆಲ್ಲಾ ಒಲೆ ಉರಿಸುವವರು ಯಾರು? ಹೀಗಿರುವಾಗ ಇಂದು ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಗಳ ಎಷ್ಟೋ ಮನೆಗಳಲ್ಲಿ ರಜೆಯ ದಿನ ಫೋ ಪಾತ್ರೆ ಒಲೆಯೇರುವುದೇಕೆ? ಈ ಪ್ರಶ್ನೆಗೆ ಉತ್ತರ ವಿಯೆಟ್ನಾಮಿನ ಇತಿಹಾಸದಲ್ಲಿದೆ.

ಹಳೆಯದೆಂದು ತೋರಿದರೂ ಫೋಗೆ ನೂರು ಚಿಲ್ಲರೆ ವರ್ಷಗಳ ವಯಸ್ಸು ಅಷ್ಟೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಹನೋಯ್ ಮತ್ತು ಅದರ ಆಗ್ನೇಯಕ್ಕಿರುವ ನಾಮ್ ದಿನ್ ಸೀಮೆಯಲ್ಲಿ ಇದು ರೂಪುಗೊಂಡಿತು. ಅಲ್ಲಿಯ ರೈತರಿಗೆ ದನ, ಎಮ್ಮೆಗಳು ಉಳುವುದಕ್ಕೆ ಬೇಕಾಗಿದ್ದವು. ಗೋಮಾಂಸಕ್ಕೆ ಬೇಡಿಕೆ ಹೆಚ್ಚಿದ್ದು ಫ್ರೆಂಚರಿಂದ. ಮಾಂಸ ಅವರ ಪಾಲಾದರೆ ಉಳಿದ ಮೂಳೆ ಬೀದಿ ವ್ಯಾಪಾರಿಗಳ ಹಂಡೆ ಸೇರಿತು. ಅಕ್ಕಿಯ ಎಳೆ ಮತ್ತು ಮಸಾಲೆಯ ಬಳಕೆಯಲ್ಲಿ ಚೀನೀಯರ ಪ್ರಭಾವವೂ ಉಂಟು. ಅಡ್ಡೆ ಹೊತ್ತು ಮಾರುವವರು ಒಂದು ತುದಿಯಲ್ಲಿ ಒಲೆ ಮತ್ತು ಸಾರು, ಇನ್ನೊಂದು ತುದಿಯಲ್ಲಿ ಬಟ್ಟಲುಗಳನ್ನಿಟ್ಟುಕೊಂಡು ಬೀದಿ ಬೀದಿ ತಿರುಗುತ್ತಿದ್ದರು. 1939ರ ಸುಮಾರಿಗೆ, ವಾರದಲ್ಲಿ ಎರಡು ದಿನ ಗೋಮಾಂಸ ಸಿಗದೆ ಹೋದಾಗ, ಕೋಳಿಯ ಫೋ ಬಳಕೆಗೆ ಬಂತು.

ಈಗ ಮಾಡುವ ಬಗೆಯನ್ನು ನೋಡೋಣ. ನಾಲ್ಕೈದು ಜನರಿಗೆ ಎರಡು ಕಿಲೋ ಮೂಳೆ ಬೇಕು. ಅದನ್ನು ಮೊದಲು ಹತ್ತು ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿ, ಮೂಳೆಯನ್ನು ಚೆನ್ನಾಗಿ ತೊಳೆಯಬೇಕು. ಅನಂತರ ಐದು ಲೀಟರ್ ಹೊಸ ನೀರಿನಲ್ಲಿ, ಸಣ್ಣ ಉರಿಯಲ್ಲಿ, ಆರು ಗಂಟೆಯಾದರೂ ಬೇಯಿಸಬೇಕು. ಮೇಲೆ ಬರುವ ನೊರೆಯನ್ನು ಆಗಾಗ ತೆಗೆಯುತ್ತಿರಬೇಕು. ಉರಿ ಜೋರಾಗಿ ಸಾರು ಕೊತಕೊತ ಕುದಿಯಿತೆಂದರೆ ಕೊಬ್ಬು ಒಡೆದು ಬೆರೆತು ಅದು ಕದಡುತ್ತದೆ. ಫೋ ಸಾರು ತಿಳಿಸಾರಿನಂತೆ ಸ್ವಚ್ಛವಾಗಿರಬೇಕು.

ಒಂದು ದೊಡ್ಡ ಈರುಳ್ಳಿ ಮತ್ತು ಬೆರಳುದ್ದದ ಶುಂಠಿಯನ್ನು ಬದನೆಕಾಯಿ ಸುಡುವಂತೆ ನೇರ ಉರಿಯಲ್ಲಿ ಸುಟ್ಟು, ಕಪ್ಪಾದ ಸಿಪ್ಪೆ ಕೆರೆದು ಪಾತ್ರೆಗೆ ಹಾಕಬೇಕು. ಸಾರಿನ ನಸುಬಣ್ಣ ಮತ್ತು ಸಿಹಿ ಪರಿಮಳಕ್ಕೆ ಇದು ಮುಖ್ಯ. ನಾಲ್ಕು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಮೂರು ಲವಂಗ, ಒಂದು ಕಪ್ಪು ಏಲಕ್ಕಿ, ಒಂದು ಚಮಚ ಕೊತ್ತಂಬರಿ ಬೀಜವನ್ನು ಬರಿಯ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕೊನೆಯ ಒಂದು ಗಂಟೆ ಮಾತ್ರ ಸಾರಿನಲ್ಲಿ ಬಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಸಾರು ಕಷಾಯವಾಗುತ್ತದೆ. ಇವುಗಳಲ್ಲಿ ಚಕ್ರಮೊಗ್ಗು ಬೆಳೆಯುವುದು ವಿಯೆಟ್ನಾಮಿನ ಉತ್ತರ ಗಡಿಯ ಲಾಂಗ್ ಸೋನ್ ಬೆಟ್ಟಗಳಲ್ಲಿ. ಭಾರತದ ಪಲಾವು, ಬಿರಿಯಾನಿಗಳಿಗೆ ಬೀಳುವ ಚಕ್ರಮೊಗ್ಗಿನ ದೊಡ್ಡ ಪಾಲು ವಿಯೆಟ್ನಾಮಿನಿಂದಲೇ ಬರುತ್ತದೆ. ಕೊನೆಯಲ್ಲಿ ಉಪ್ಪು, ಚೂರು ಕಲ್ಲುಸಕ್ಕರೆ, ಮೀನಿನ ಸಾಸ್ ಸೇರಿಸಬೇಕು. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸವೇ ಮೀನಿನ ಸಾಸ್.

ಆರು ಗಂಟೆ ಕಾಯಲಾಗದವರಿಗೆ ಕೋಳಿ ಅನುಕೂಲ. ಇಡೀ ಕೋಳಿಯನ್ನು ಮುಕ್ಕಾಲು ಗಂಟೆ ಬೇಯಿಸಿ ಹೊರತೆಗೆದು, ಮಾಂಸ ಬಿಡಿಸಿಟ್ಟು, ಮೂಳೆಯನ್ನು ಮತ್ತೆ ಅದೇ ಸಾರಿನಲ್ಲಿ ಒಂದೂವರೆ ಗಂಟೆ ಬೇಯಿಸಿದರಾಯಿತು.

ಎಳೆಗಳು ನಮ್ಮ ಒತ್ತುಶ್ಯಾವಿಗೆಯಂತೆ ಗುಂಡಲ್ಲ, ಚಪ್ಪಟೆ. ಅಕ್ಕಿ ನೆನೆಸಿ, ರುಬ್ಬಿ, ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ ಕತ್ತರಿಸಿದ ಪಟ್ಟಿಗಳು ಅವು. ಒಣಗಿದವನ್ನು ಅರ್ಧ ಗಂಟೆ ನೆನೆಸಿ, ಕುದಿನೀರಿನಲ್ಲಿ ಅದ್ದಿ ತೆಗೆದರೆ ಸಾಕು. ಬಟ್ಟಲಿಗೆ ಎಳೆ, ಅದರ ಮೇಲೆ ಮಾಂಸ, ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು ಹಾಕಿ, ಕುದಿಯುವ ಸಾರು ಸುರಿಯಬೇಕು.

ಸರಿ, ಇಷ್ಟು ಶ್ರಮದ ಅಡುಗೆ ಮನೆಗೆ ಬಂದದ್ದು ಹೇಗೆ? 1954ರ ಜಿನೀವಾ ಒಪ್ಪಂದ ವಿಯೆಟ್ನಾಮನ್ನು ಎರಡು ಭಾಗ ಮಾಡಿತು. ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು. ಅವರೊಂದಿಗೆ ಫೋ ಸೈಗಾನ್ ನಗರದಲ್ಲಿ ಮನೆಮಾತಾಯಿತು. ದಕ್ಷಿಣದವರು ಅದಕ್ಕೆ ಮೊಳಕೆ ಕಾಳು, ತುಳಸಿ ಜಾತಿಯ ಸೊಪ್ಪು, ಸಿಹಿ ಸಾಸ್ ಸೇರಿಸಿದರು. ಹನೋಯ್‌ನ ಹಿರಿಯರು ಇಂದಿಗೂ ಇದಕ್ಕೆ ಮೂಗು ಮುರಿಯುತ್ತಾರೆ.

ಆದರೆ ಉತ್ತರದಲ್ಲಿ ಫೋ ಬಡವಾಗುತ್ತಾ ಹೋಯಿತು. ಯುದ್ಧ ಮತ್ತು ಪಡಿತರದ ದಿನಗಳಲ್ಲಿ ಸರ್ಕಾರಿ ಅಂಗಡಿಗಳ ಬಟ್ಟಲಿನಲ್ಲಿ ಮಾಂಸವೇ ಇರುತ್ತಿರಲಿಲ್ಲ. 1960ರ ದಶಕದಲ್ಲಿ ಹನೋಯ್ ಮೇಲೆ ಅಮೆರಿಕದ ಚಾಲಕರಹಿತ ಬೇಹು ವಿಮಾನಗಳು ಹಾರುತ್ತಿದ್ದವು. ಜನ ಮಾಂಸವಿಲ್ಲದ ಫೋಗೆ ‘ಪೈಲಟ್ ಇಲ್ಲದ ಫೋ’ ಎಂದು ಹೆಸರಿಟ್ಟರು. ಹಸಿವಿನ ನಡುವೆಯೂ ನಗೆ ಉಳಿದಿತ್ತು.

1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದ ಸೇನೆಯ ವಶವಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ದೋಣಿಗಳಲ್ಲಿ ಸಮುದ್ರ ದಾಟಿ ಬೇರೆ ದೇಶಗಳ ದಡ ಸೇರಿದರು. ದಾರಿಯಲ್ಲೇ ಮುಳುಗಿ ಸತ್ತವರು ಬಹಳ ಮಂದಿ. ಬದುಕಿ ಉಳಿದವರು ನೆಲೆ ಕಂಡ ಊರುಗಳಲ್ಲಿ ಮೊದಮೊದಲು ಫೋ ಅಂಗಡಿ ಇರಲಿಲ್ಲ. ಊರಿನ ಬೆಳಗು ಬೇಕೆಂದರೆ ಅದನ್ನು ಮನೆಯಲ್ಲೇ ಬೇಯಿಸಿಕೊಳ್ಳಬೇಕಿತ್ತು. ಎಂದೂ ಫೋ ಮಾಡಿರದ ಕೈಗಳು, ತಿಂದ ನೆನಪನ್ನೇ ಅಳತೆಯಾಗಿಟ್ಟುಕೊಂಡು ಸಾರಿಗೆ ಉಪ್ಪು ಹಾಕಿ, ಮೂಸಿ, ರುಚಿ ನೋಡಿ ಕಲಿತವು. ಊರನ್ನು ಕಾಣದ ಮಕ್ಕಳಿಗೆ ಊರು ಪರಿಚಯವಾದದ್ದೂ ಈ ಪಾತ್ರೆಯ ಹಬೆಯಿಂದಲೇ.

1986ರ ಆರ್ಥಿಕ ಸುಧಾರಣೆಯ ಬಳಿಕ ಹನೋಯ್‌ನ ಖಾಸಗಿ ಅಂಗಡಿಗಳು ಚೇತರಿಸಿಕೊಂಡವು. 2024ರಲ್ಲಿ ವಿಯೆಟ್ನಾಂ ಸರ್ಕಾರ ಹನೋಯ್ ಮತ್ತು ನಾಮ್ ದಿನ್ ಫೋಗಳನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಅಂಗಡಿಯವರ ಕೈಚಳಕಕ್ಕೆ ಸಂದ ಗೌರವ. ನೆನಪಿನಿಂದಲೇ ಕಲಿತು ಪರದೇಶದಲ್ಲಿ ಫೋ ಉಳಿಸಿಕೊಂಡ ಮನೆಯ ಒಲೆಗಳಿಗೂ ಅದರಲ್ಲಿ ಪಾಲು ಸಲ್ಲಬೇಕು.

ಬಟ್ಟಲು ಮುಂದೆ ಬಂದಾಗ ಬಲ್ಲವರು ನಿಂಬೆ ಹಿಂಡುವ ಮೊದಲು, ಮೆಣಸಿನಕಾಯಿ ಹಾಕುವ ಮೊದಲು, ಒಂದು ಚಮಚ ಸಾರನ್ನು ಹಾಗೆಯೇ ಕುಡಿದು ನೋಡುತ್ತಾರೆ. ಬೇಯಿಸಿದವರ ಶ್ರಮಕ್ಕೆ ಅದು ಮರ್ಯಾದೆ. ಮನೆಯಲ್ಲಿ ಮಾಡಿ ನೋಡುವವರು ಅದೊಂದು ಕ್ರಮವನ್ನು ಮರೆಯದಿರಲಿ.