ದೇಶಕ್ಕೊಂದು ಪುಸ್ತಕ

(ಶಿಕಾರಿಪುರದಲ್ಲಿ ಶ್ರಾವಣ ಮಾಸದ ಚಿಂತನ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಶ್ರಾವಣದಲ್ಲಿ ಶರಣರ ಚರಿತ್ರೆ ಹೇಳುವುದು ಬಿಟ್ಟು ಈ ಮೇಷ್ಟ್ರು ಯಾವುದೋ ಇಂಗ್ಲೆಂಡಿನ ಹೆಣ್ಣುಮಗಳ ಕತೆ ತೆಗೆದರಲ್ಲ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಬಳ್ಳಿಗಾವಿಗೇ ಬರುತ್ತೇನೆ.

ಆನ್ ಮಾರ್ಗನ್ ಎಂಬ ಲೇಖಕಿ ಒಂದು ದಿನ ತಮ್ಮ ಪುಸ್ತಕದ ಕಪಾಟನ್ನು ಗಮನವಿಟ್ಟು ನೋಡಿದರು. ಅಲ್ಲಿದ್ದವು ಬಹುಪಾಲು ಬ್ರಿಟನ್, ಅಮೆರಿಕದವರು ಬರೆದ ಪುಸ್ತಕಗಳೇ. ನಾಚಿಕೆಯಾಯಿತು. 2012ರ ಒಂದೇ ವರ್ಷದಲ್ಲಿ ಪ್ರತಿ ದೇಶದಿಂದ ಒಂದೊಂದು ಪುಸ್ತಕ ಓದುವುದೆಂದು ಹೊರಟರು. ಅವರ ಲೆಕ್ಕಕ್ಕೆ 196 ದೇಶ. ಸಾವೊ ಟೋಮೆ ಎಂಬ ಆಫ್ರಿಕದ ಪುಟ್ಟ ದ್ವೀಪದೇಶದ ಪುಸ್ತಕ ಇಂಗ್ಲಿಷಿನಲ್ಲಿ ಸಿಗಲಿಲ್ಲ. ಪರಿಚಯವೇ ಇಲ್ಲದ ಕೆಲವರು ಪೋರ್ಚುಗೀಸಿನ ಒಂದು ಕಥಾಸಂಕಲನವನ್ನು ಹಂಚಿಕೊಂಡು ಅನುವಾದಿಸಿ ಕೊಟ್ಟರು. 2011ರಲ್ಲಷ್ಟೇ ಸ್ವತಂತ್ರವಾಗಿದ್ದ ದಕ್ಷಿಣ ಸುಡಾನಿನ ಲೇಖಕಿಯೊಬ್ಬರು ಇವರಿಗಾಗಿಯೇ ಒಂದು ಬರಹ ಬರೆದು ಕಳಿಸಿದರು. ದಾಸೋಹ ಎಂಬ ಪದ ಅವರಿಗೆ ಗೊತ್ತಿರಲಿಕ್ಕಿಲ್ಲ, ಮಾಡಿದ್ದು ಅದನ್ನೇ.

ಭಾರತದಿಂದ ಅವರು ಓದಿದ್ದು ಎಂ.ಟಿ. ವಾಸುದೇವನ್ ನಾಯರ್ ಅವರ ಮಲಯಾಳಂ ಕಾದಂಬರಿ ‘ಕಾಲಂ’. ಸಂತೋಷ. ಆದರೆ ದೇಶಕ್ಕೊಂದೇ ಎಂದ ಮೇಲೆ ಕನ್ನಡದ ಪಾಳಿ ಬರಲೇ ಇಲ್ಲ. ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲೇ 22 ಭಾಷೆಗಳಿವೆ. ಇದೇ ಶಿಕಾರಿಪುರದ ಸುತ್ತಲಿನ ತಾಂಡಾಗಳಲ್ಲಿ ಆಡುವ ಲಂಬಾಣಿ ಆ ಪಟ್ಟಿಯಲ್ಲೂ ಇಲ್ಲ. ದೇಶದ ಲೆಕ್ಕ ಹಿಡಿದು ಹೊರಟರೆ ಇಂಥವು ಬಿಟ್ಟುಹೋಗುತ್ತವೆ.

ಇಂಗ್ಲಿಷ್ ಬಾರದವರು ಏನು ಮಾಡಬೇಕು ಎಂದು ಕೇಳಬೇಡಿ. ನವಕರ್ನಾಟಕ ಪ್ರಕಾಶನದವರು 1980ರ ದಶಕದ ಆರಂಭದಲ್ಲೇ ‘ವಿಶ್ವಕಥಾಕೋಶ’ವನ್ನು 25 ಸಂಪುಟಗಳಲ್ಲಿ ಹೊರತಂದರು. ಪ್ರಧಾನ ಸಂಪಾದಕರು ನಿರಂಜನ. ಪಾರ್ಶ್ವವಾಯು ಬಡಿದ ದೇಹದಲ್ಲಿ ಕುಳಿತು ಆ ಮನುಷ್ಯ ಲೋಕದ ಕತೆಗಳನ್ನು ಕನ್ನಡದ ಜಗಲಿಗೆ ಕರೆತಂದರು. ಕಾಯಕವೆಂದರೆ ಇದಲ್ಲದೆ ಮತ್ತೇನು? ನನ್ನ ಹತ್ತಿರ ಇರುವುದು ಮೂರೇ ಸಂಪುಟ, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕವು.

ಇನ್ನು ನಾನು ಹೇಳಬೇಕೆಂದು ಬಂದ ವಿಷಯ. ನೈಜೀರಿಯಾದ ಚಿನುವಾ ಅಚಿಬೆಯವರ 1958ರ ಕಾದಂಬರಿಯನ್ನು ಸಿ. ನಾಗಣ್ಣನವರು ‘ಭಂಗ’ ಎಂದು ಕನ್ನಡಕ್ಕೆ ತಂದಿದ್ದಾರೆ. ಇಗ್ಬೊ ಜನರ ಒಂದು ಹಳ್ಳಿ, ಅವರ ಗೆಣಸಿನ ಬೆಳೆ, ದೇವರು, ಪಂಚಾಯ್ತಿ. ಅಲ್ಲಿಗೆ ಪಾದ್ರಿಗಳು ಬರುತ್ತಾರೆ. ಆ ಊರಿನಲ್ಲಿ ‘ಓಸು’ ಎಂಬ ಜನರಿದ್ದಾರೆ. ದೇವರಿಗೆ ಬಿಟ್ಟವರು. ಹೆಸರಿಗೆ ದೇವರ ಸೊತ್ತು, ಊರಿಗೆ ಹೊರಗಿನವರು. ಅವರಿಗೆ ಹೆಣ್ಣು ಕೊಡುವಂತಿಲ್ಲ, ಸಭೆಯಲ್ಲಿ ಜಾಗವಿಲ್ಲ. ಗುರುತಿಗೆ ಜಡೆಗಟ್ಟಿದ ಕೂದಲು, ಅದಕ್ಕೆ ಕತ್ತಿ ತಾಗಿಸುವಂತಿಲ್ಲ. ಅವರು ಹೊಸ ಮತಕ್ಕೆ ಸೇರಲು ಬಂದಾಗ, ಆ ಮತಕ್ಕೆ ಆಗಲೇ ಸೇರಿದ್ದವರೇ ‘ಇವರನ್ನು ಒಳಗೆ ಬಿಡಬೇಡಿ’ ಎಂದು ತಕರಾರು ತೆಗೆಯುತ್ತಾರೆ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೊರಬದ ಕಡೆಯ ನಮ್ಮ ಹಳ್ಳಿಮನೆಯ ಕೊಟ್ಟಿಗೆ ಕಣ್ಣಿಗೆ ಕಟ್ಟಿತು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರಿಗೆಂದು ಒಂದು ಅಲ್ಯೂಮಿನಿಯಂ ಲೋಟವನ್ನು ಹೆಂಚಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದರು. ಅವರೇ ತೆಗೆದುಕೊಳ್ಳಬೇಕು, ಅವ್ವ ಮೇಲಿನಿಂದ ಚಹಾ ಹೊಯ್ಯುತ್ತಿದ್ದಳು, ಅವರೇ ತೊಳೆದು ಅಲ್ಲಿಯೇ ಸಿಕ್ಕಿಸಬೇಕು. ಏಳು ವರ್ಷದ ಪೋರ ನಾನು, ಅವರನ್ನು ಏಕವಚನದಲ್ಲಿ ಕೂಗುತ್ತಿದ್ದೆ. ಅವ್ವ ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ನೀರು ಕುಡಿದವಳಲ್ಲ.

ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕತೆಯನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಮಕ್ಕಳ ಕಣ್ಣಲ್ಲಿ ನೀರು ತರಿಸಿದ್ದೇನೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಆ ಲೋಟ ನೆನಪಾಗಲಿಲ್ಲ. ಯಾಕೆಂದರೆ ಕಲ್ಯಾಣದ ಕತೆ ಶುರುವಾಗುವ ಮೊದಲೇ ನಾನು ಶರಣರ ಸಾಲಿನಲ್ಲಿ ಕುಳಿತಾಗಿರುತ್ತಿತ್ತು. ‘ಭಂಗ’ ಓದುವಾಗ ನನಗೆ ಯಾರೂ ಜಾಗ ಹಿಡಿದಿಟ್ಟಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು ತಕರಾರು ಮಾಡುವವರ ಗುಂಪಿನಲ್ಲಿ ನನ್ನನ್ನೇ ಕಂಡೆ. ಆ ಲೋಟ ಏನಾಯಿತು ಎನ್ನುತ್ತೀರಾ? ಯಾರೂ ಕಿತ್ತೆಸೆಯಲಿಲ್ಲ. ಮನೆಗೆ ತಾರಸಿ ಹಾಕಿಸಿದಾಗ ಹೆಂಚಿನ ಜೊತೆಗೆ ಹೋಯಿತು, ಅಷ್ಟೆ.

ಕಾಶ್ಮೀರದಿಂದ ಮೋಳಿಗೆ ಮಾರಯ್ಯ ಬಂದರು, ಆಫ್ಘಾನಿಸ್ತಾನದಿಂದ ಮರುಳಶಂಕರದೇವರು ಬಂದರು, ಸೌರಾಷ್ಟ್ರದಿಂದ ಆದಯ್ಯ ಬಂದರು ಎಂದು ಪ್ರತಿ ಬಸವ ಜಯಂತಿಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಕಪಾಟುಗಳನ್ನು ನೋಡಿದರೆ ಆ ದಿಕ್ಕಿನಿಂದ ಇಂದು ಯಾರೂ ಬಂದಂತೆ ಕಾಣುವುದಿಲ್ಲ. ನಾನು ನೋಡಿದ ಕೆಲವು ಮಠಗಳ ಗ್ರಂಥಾಲಯಗಳಲ್ಲಿ ವಚನ ಸಂಪುಟಗಳಿವೆ, ಬಹಳ ಒಳ್ಳೆಯದು. ಉಳಿದ ಜಾಗವನ್ನೆಲ್ಲ ಅಭಿನಂದನ ಗ್ರಂಥಗಳು ತುಂಬಿವೆ. ನಾವೇ ನಮ್ಮ ಬಗ್ಗೆ ಬರೆದು, ನಾವೇ ನಮಗೆ ಹಂಚಿಕೊಂಡು, ಯಾರೂ ಓದದೆ ಬಿಟ್ಟದ್ದು. ಪೂಜ್ಯರು ಕ್ಷಮಿಸಬೇಕು, ಅದರಲ್ಲಿ ನನ್ನ ಲೇಖನಗಳೂ ಇವೆ.

ಬಳ್ಳಿಗಾವಿಗೆ ಬಂದೆ ನೋಡಿ. ಅಲ್ಲಮರ ಊರು, ಅಕ್ಕನ ಉಡುತಡಿಗೆ ನೆರೆ. ಅಲ್ಲಿನ ಕೋಡಿಮಠದ ಶಾಸನ ಕ್ರಿ.ಶ. 1162ರದು, ಬಸವಣ್ಣನವರ ಕಾಲದ್ದೇ. ಅದು ಕಾಳಾಮುಖ ಶೈವರ ಮಠ. ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ಜೈನ, ಬೌದ್ಧ ಯತಿಗಳಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ತನ್ನದಲ್ಲದ ಮತದ ಗ್ರಂಥವನ್ನು ತನ್ನ ಜಗಲಿಯಲ್ಲೇ ಓದಿಸುವಷ್ಟು ಧೈರ್ಯ ನಮ್ಮ ಈ ತಾಲ್ಲೂಕಿನ ಒಂದು ಮಠಕ್ಕೆ ಆಗಲೇ ಇತ್ತು.

ವಚನಗಳು ಹೊರಗೆ ಹೋಗಿವೆ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1973ರಲ್ಲಿ ಬಂತು, ಅದರಲ್ಲಿ ಅಕ್ಕನೂ ಅಲ್ಲಮರೂ ಇದ್ದಾರೆ. ಹೋದದ್ದು ಸರಿ, ಒಳಗೆ ಬಂದದ್ದೇನು?

196 ದೇಶ ಬೇಡ. ಮುಂದಿನ ಶ್ರಾವಣದೊಳಗೆ ತಿಂಗಳಿಗೊಂದರಂತೆ ಹನ್ನೆರಡು ಸಾಕು. ಸೋಮವಾರ ಸಂಜೆ ಒಬ್ಬರು ಓದಲಿ, ಉಳಿದವರು ಕೇಳಲಿ. ಓದಲು ಬಾರದ ತಾಯಂದಿರೂ ಕೇಳಬಹುದು. ಸನ್ಮಾನಕ್ಕೆ ಶಾಲು, ಹಣ್ಣಿನ ಬುಟ್ಟಿ ತರುವವರು ಅದೇ ದುಡ್ಡಿನಲ್ಲಿ ಒಂದು ಪುಸ್ತಕ ತರಲಿ. ಒಂದು ತಿಂಗಳು ಪುಸ್ತಕವಿಲ್ಲದೆಯೇ ನಡೆಯಲಿ: ತಾಂಡಾದ ಅಜ್ಜಿಯರನ್ನು ಕರೆದು ಕೂರಿಸಿ, ಅವರು ಹೇಳುವ ಕತೆಯನ್ನು ನಮ್ಮ ಹುಡುಗರು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. ಚಹಾ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಬರಲಿ.

‘ಭಂಗ’ದ ನನ್ನ ಪ್ರತಿ ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ, ಅವನ್ನು ನೋಡಬೇಡಿ. ಒಯ್ಯುವವರು ಅಲ್ಲಿರುವ ವಹಿಯಲ್ಲಿ ಹೆಸರು ಬರೆಯಿರಿ. ಸೊರಬದವರು ಆಗಲೇ ಕೇಳಿದ್ದಾರೆ. ಶಿಕಾರಿಪುರದವರು ತಡಮಾಡಿದರೆ ಅವರೇ ಒಯ್ಯುತ್ತಾರೆ.