ಒಂದು ಗೇಣಿನ ಲೆಕ್ಕ



ಹಳೆಯ ಕಾಲದ ಚಿಕ್ಕ ವಿಮಾನವೊಂದು ಎದುರಿಗೆ ನಿಂತಿದ್ದರೆ ನಮ್ಮ ಕಣ್ಣು ಮೊದಲು ಹೋಗುವುದು ಅದರ ರೆಕ್ಕೆಗಳ ಕಡೆಗೆ. ಅಂಥ ವಿಮಾನವನ್ನು ದುರಸ್ತಿ ಮಾಡಿ ಮತ್ತೆ ಹಾರಿಸಲು ಹೊರಟವರು ನೋಡುವ ಜಾಗವೇ ಬೇರೆ. ಅವರು ಪ್ರೊಪೆಲರಿನ ಒಂದು ಅಲಗು ನೇರವಾಗಿ ಕೆಳಗೆ ಬರುವಂತೆ ನಿಲ್ಲಿಸಿ, ಮೊಣಕಾಲೂರಿ ಕುಳಿತು, ಅದರ ತುದಿಗೂ ನೆಲಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಅಳೆಯುತ್ತಾರೆ. ಏನೂ ಇಲ್ಲದ ಆ ಬರಿಯ ಜಾಗವೇ ಇಂದಿನ ನಮ್ಮ ವಿಷಯ.

ಆ ಅಂತರ ಎಷ್ಟಿರಬೇಕು? ಅಮೆರಿಕದಲ್ಲಿ ಚಿಕ್ಕ ವಿಮಾನಗಳಿಗಾಗಿ ದಶಕಗಳ ಕಾಲ ಜಾರಿಯಲ್ಲಿದ್ದ ನಿಯಮವೊಂದು ಇದಕ್ಕೆ ಉತ್ತರ ಕೊಡುತ್ತಿತ್ತು. ಮೂತಿಯ ಕೆಳಗೆ ಚಕ್ರವಿರುವ ವಿಮಾನಕ್ಕೆ ಕನಿಷ್ಠ 7 ಅಂಗುಲ. ಬಾಲದ ಕೆಳಗೆ ಚಕ್ರವಿರುವ ವಿಮಾನಕ್ಕೆ ಕನಿಷ್ಠ 9 ಅಂಗುಲ. 9 ಅಂಗುಲ ಎಂದರೆ ನಮ್ಮ ಹಿರಿಯರ ಅಳತೆಯಲ್ಲಿ ಒಂದು ಗೇಣು. ಇಷ್ಟೇ ಅಲ್ಲ, ಒಂದು ಟಯರಿನ ಗಾಳಿ ಪೂರ್ತಿ ಹೋಗಿ, ಆ ಕಡೆಯ ಕಾಲು ಪೂರ್ತಿ ಕುಸಿದರೂ ಅಲಗು ನೆಲಕ್ಕೆ ತಾಗಬಾರದು ಎಂಬ ಷರತ್ತೂ ಇತ್ತು. 2017ರಲ್ಲಿ ಆ ನಿಯಮಾವಳಿಯನ್ನು ಬೇರೆ ರೀತಿಯಲ್ಲಿ ಬರೆದರು. ಆದರೂ ಹಳೆಯ ವಿಮಾನಗಳನ್ನು ಅರ್ಥ ಮಾಡಿಕೊಳ್ಳಲು ಈ ಅಂಕಿಗಳು ಒಳ್ಳೆಯ ಅಳತೆಗೋಲು.

ಈಗ ನೀವು ಕೇಳಬಹುದು: ಇಷ್ಟೊಂದು ಚಿಂತೆ ಯಾಕೆ? ಪ್ರೊಪೆಲರನ್ನೇ ಚಿಕ್ಕದು ಮಾಡಿದರಾಯಿತಲ್ಲ?

ಪ್ರೊಪೆಲರ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದರ ಪ್ರತಿಕ್ರಿಯೆಯಿಂದ ವಿಮಾನ ಮುಂದೆ ಹೋಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ತಳ್ಳುವುದಕ್ಕಿಂತ, ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಶಕ್ತಿ ಕಡಿಮೆ ವ್ಯರ್ಥವಾಗುತ್ತದೆ. ಹೆಚ್ಚು ಗಾಳಿ ಬೇಕಾದರೆ ಪ್ರೊಪೆಲರ್ ದೊಡ್ಡದಾಗಿರಬೇಕು. ಆದ್ದರಿಂದ ವಿನ್ಯಾಸಕಾರನಿಗೆ ದೊಡ್ಡ ಪ್ರೊಪೆಲರಿನ ಮೇಲೆ ಆಸೆ.

ಆ ಆಸೆಗೆ ಎರಡು ಮಿತಿಗಳಿವೆ. ಮೊದಲನೆಯದು ಶಬ್ದದ ವೇಗ. ಅಮೆರಿಕದ ಪೈಪರ್ ಕಬ್ ಜೆ-3 ವಿಮಾನವನ್ನು ತೆಗೆದುಕೊಳ್ಳಿ. 65 ಅಶ್ವಶಕ್ತಿಯ ಎಂಜಿನ್, ನಿಮಿಷಕ್ಕೆ 2,300 ಸುತ್ತು, ಸುಮಾರು 1.83 ಮೀಟರ್ ವ್ಯಾಸದ ಪ್ರೊಪೆಲರ್. ಒಂದು ಸುತ್ತಿಗೆ ತುದಿ ಕ್ರಮಿಸುವ ದೂರ ವೃತ್ತದ ಪರಿಧಿಯಷ್ಟು, ಅಂದರೆ ಸುಮಾರು 5.75 ಮೀಟರ್. ಸೆಕೆಂಡಿಗೆ 38 ಸುತ್ತುಗಳಿಗೂ ಸ್ವಲ್ಪ ಹೆಚ್ಚು. ಗುಣಿಸಿದರೆ ಸೆಕೆಂಡಿಗೆ ಸುಮಾರು 220 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ತುದಿಯ ವೇಗ ಅದನ್ನು ಸಮೀಪಿಸಿದಂತೆಲ್ಲ ಗದ್ದಲ ಹೆಚ್ಚುತ್ತದೆ, ದಕ್ಷತೆ ಕುಸಿಯುತ್ತದೆ. ಎರಡನೆಯ ಮಿತಿ ನೆಲ. ವ್ಯಾಸ ಎರಡು ಅಂಗುಲ ಹೆಚ್ಚಿದರೆ ನೆಲದ ಅಂತರ ಒಂದು ಅಂಗುಲ ಕಡಿಮೆಯಾಗುತ್ತದೆ.

ಈ ಗಂಟನ್ನು ಹಿಂದಿನವರು ಬಿಡಿಸಿದ ಬಗೆಗಳು ಸ್ವಾರಸ್ಯಕರವಾಗಿವೆ. ಎರಡು ಮುಖ್ಯ ಚಕ್ರಗಳನ್ನು ಮುಂದಿಟ್ಟು, ಬಾಲದಡಿ ಚಿಕ್ಕ ಚಕ್ರವೊಂದನ್ನು ಇಟ್ಟರೆ ಮೂತಿ ತಾನಾಗಿ ಮೇಲೇಳುತ್ತದೆ. ಆದರೆ ಓಟ ಶುರುವಾದ ಮೇಲೆ ಬಾಲ ಮೇಲೇಳಲೇಬೇಕು. ಆಗ ಮೂತಿ ಇಳಿಯುತ್ತದೆ. ಪ್ರೊಪೆಲರ್ ಮುಖ್ಯ ಚಕ್ರಗಳಿಗಿಂತ ಒಂದು ಮೀಟರ್ ಮುಂದಿದ್ದು, ವಿಮಾನ 12 ಡಿಗ್ರಿ ತಿರುಗಿ ಸಮತಲಕ್ಕೆ ಬಂದಿತೆನ್ನಿ. 12 ಡಿಗ್ರಿಯ ಸೈನ್ ಬೆಲೆ ಸುಮಾರು 0.2. ಅಂದರೆ ಅಲಗಿನ ತುದಿ ಸುಮಾರು 20 ಸೆಂಟಿಮೀಟರ್ ಕೆಳಗೆ ಬರುತ್ತದೆ. ಆದ್ದರಿಂದ ಬಾಲ ನೆಲಕ್ಕೆ ತಾಗಿರುವಾಗ ಅಳೆದ ಅಂತರವನ್ನು ನಂಬುವಂತಿಲ್ಲ. ಬಾಲವನ್ನು ಎತ್ತಿ ಊರೆಗೋಲು ಕೊಟ್ಟು, ವಿಮಾನ ಸಮತಲವಾಗಿರುವಾಗ ಅಳೆಯಬೇಕು. ಮೂತಿ ಇನ್ನೂ ತಗ್ಗಿದರೆ ತಡೆಯಲು ಅಲ್ಲಿ ಚಕ್ರವಿಲ್ಲ. ಬಾಲಚಕ್ರದ ವಿಮಾನಕ್ಕೆ ಆ ಹೆಚ್ಚಿನ ಎರಡು ಅಂಗುಲ ಯಾಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಉಪಾಯ ಎಂಜಿನ್ನನ್ನೇ ತಲೆಕೆಳಗಾಗಿ ಕೂರಿಸುವುದು. 1931ರಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ಟೈಗರ್ ಮಾತ್ ವಿಮಾನದಲ್ಲಿ ಸಿಲಿಂಡರುಗಳು ಕೆಳಗೆ ತೂಗುತ್ತವೆ, ಕ್ರ್ಯಾಂಕ್‌ಶಾಫ್ಟ್ ಮೇಲಿರುತ್ತದೆ. ಅದರಿಂದ ಪ್ರೊಪೆಲರ್ ಎತ್ತರಕ್ಕೆ ಬಂತು, ಪೈಲಟ್ಟಿಗೆ ಮುಂದಿನ ನೋಟವೂ ಸುಗಮವಾಯಿತು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಸಿದ್ಧವಾಗಿ, 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನಕ್ಕೂ ಇಂಥದೇ ತಲೆಕೆಳಗಾದ ಎಂಜಿನ್. 155 ಅಶ್ವಶಕ್ತಿಯ ಸಿರಸ್ ಮೇಜರ್. ಅದೂ ಬಾಲಚಕ್ರದ ವಿಮಾನವೇ. 1940ರಲ್ಲಿ ಹಾರಿದ ಅಮೆರಿಕದ ಕೊರ್ಸೇರ್ ಯುದ್ಧವಿಮಾನದ ಪ್ರೊಪೆಲರಿಗೆ ನಾಲ್ಕು ಮೀಟರ್ ವ್ಯಾಸ. ಅದಕ್ಕಾಗಿ ರೆಕ್ಕೆಗಳನ್ನೇ ಕೆಳಕ್ಕೆ ಬಾಗಿಸಿ, ಆ ಬಾಗಿನಲ್ಲಿ ಚಕ್ರಗಳನ್ನಿಟ್ಟರು. ಹೀಗಾಗಿ ಕಾಲುಗಳು ಗಿಡ್ಡವಾಗಿದ್ದರೂ ಸಾಕಾಯಿತು.

ಇನ್ನು ದುರಸ್ತಿಯ ಮಾತು. ಎಷ್ಟೋ ವರ್ಷ ಮೂಲೆಯಲ್ಲಿ ನಿಂತ ವಿಮಾನ ನಿಧಾನವಾಗಿ ಕುಗ್ಗಿರುತ್ತದೆ. ಪೈಪರ್ ಕಬ್‌ನ ಕಾಲುಗಳಲ್ಲಿ ಆಘಾತ ತಾಳುವುದು ರಬ್ಬರ್ ಹಗ್ಗ. ವಯಸ್ಸಾದಂತೆ ಅದು ಸಡಿಲವಾಗುತ್ತದೆ. ಮೂಲ ಅಳತೆಯ ಟಯರ್ ಸಿಗದೆ ಯಾರೋ ಚಿಕ್ಕ ಟಯರ್ ಹಾಕಿರಬಹುದು. ಹೆಚ್ಚು ಎಳೆತಕ್ಕೆಂದು ಉದ್ದನೆಯ ಪ್ರೊಪೆಲರ್ ಜೋಡಿಸಿರಬಹುದು. ಒಂದೊಂದರಿಂದಲೂ ಅರ್ಧ ಅಂಗುಲ, ಒಂದು ಅಂಗುಲ ಹೋಗುತ್ತದೆ. ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ, ಕೂಡಿಸಿದರೆ ಒಂದು ಗೇಣು ಅರ್ಧ ಗೇಣಾಗಿರುತ್ತದೆ. ಹಾಗೆಂದು ಅಲಗಿನ ತುದಿಯನ್ನು ಕತ್ತರಿಸಿಬಿಡುವಂತಿಲ್ಲ. ಲೋಹದ ಅಲಗಿನ ಉದ್ದ ಬದಲಾದರೆ ಅದರ ಕಂಪನದ ಗುಣವೂ ಬದಲಾಗಿ ಬಿರುಕು ಹುಟ್ಟಬಹುದು. ಯಾವ ಎಂಜಿನ್ನಿಗೆ ಎಷ್ಟು ವ್ಯಾಸದ ಪ್ರೊಪೆಲರ್ ಎಂಬುದು ವಿಮಾನದ ಅನುಮೋದನಾ ಪತ್ರದಲ್ಲಿ ಇರುತ್ತದೆ, ಅದೇ ಪ್ರಮಾಣ.

ಅಂತರ ಕಡಿಮೆಯಾದರೆ ಮೊದಲ ತೊಂದರೆ ಕಲ್ಲುಗಳದ್ದು. ತಿರುಗುವ ಪ್ರೊಪೆಲರ್ ನೆಲದ ಚೂರುಗಳನ್ನು ಎಳೆದುಕೊಳ್ಳುತ್ತದೆ. ಅವು ಬಡಿದು ಅಲಗಿನ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಕಚ್ಚಿನಿಂದ ಬಿರುಕು ಶುರುವಾಗುತ್ತದೆ. ಅಲಗೇ ನೆಲಕ್ಕೆ ಬಡಿದರೆ ಇನ್ನೂ ದೊಡ್ಡ ಅಪಾಯ. ಬಾಗಿದ ಅಲಗು ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಿಸಬಹುದು. ಆ ಹೊಡೆತ ಒಳಗೆ ಕ್ರ್ಯಾಂಕ್‌ಶಾಫ್ಟಿಗೆ ಏನು ಮಾಡಿದೆ ಎಂಬುದು ಹೊರಗಿನಿಂದ ಕಾಣದು. ಆದಕಾರಣ ಎಂಜಿನ್ ಬಿಚ್ಚಿ ಪರೀಕ್ಷಿಸಬೇಕು. ಹೊಸ ಪ್ರೊಪೆಲರ್ ಹಾಕಿ ಹಾರಿಬಿಟ್ಟರೆ, ಆ ಬಿರುಕು ನೆಲದ ಮೇಲೆಯೇ ಬಾಯ್ಬಿಡುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಹಳೆಯ ವಿಮಾನ ಕೊಳ್ಳುವ ತಿಳಿದವರು ಬಣ್ಣಕ್ಕೆ ಮರುಳಾಗದೆ ಅದರ ದಾಖಲೆ ಪುಸ್ತಕ ಓದುವುದು ಇದಕ್ಕಾಗಿಯೇ.

2012ರಲ್ಲಿ ಭಾರತೀಯ ವಾಯುಪಡೆಗೆ 80 ವರ್ಷ ತುಂಬಿದಾಗ, ಹೀಗೆ ಮರುಜೀವ ಪಡೆದ ಟೈಗರ್ ಮಾತ್ ಒಂದು ವಾಯುಪಡೆಯ ದಿನದಂದು ಹಾರಿತು. ನೋಡಿದವರು ಮೆಚ್ಚಿದ್ದು ಅದರ ಹಾರಾಟವನ್ನು. ಅಂಥ ಹಾರಾಟದ ಹಿಂದೆ ಟೇಪು ಹಿಡಿದು ಕುಳಿತ ಎಷ್ಟೋ ಗಂಟೆಗಳಿರುತ್ತವೆ.

ನಿಮಗೊಂದು ಕೆಲಸ. ನಿಮ್ಮ ಸೈಕಲ್ಲಿನ ಪೆಡಲನ್ನು ಪೂರ್ತಿ ಕೆಳಗಿಳಿಸಿ, ನೆಲದಿಂದ ಅದರ ಎತ್ತರ ಅಳೆಯಿರಿ. ಆಮೇಲೆ ತಿರುವಿನಲ್ಲಿ ವಾಲುವಂತೆ ಸೈಕಲನ್ನು ವಾಲಿಸಿ ಮತ್ತೆ ಅಳೆಯಿರಿ. ಟಯರಿನ ಗಾಳಿ ಅರ್ಧ ಬಿಟ್ಟು ಮೂರನೆಯ ಬಾರಿ ಅಳೆಯಿರಿ. ಮೂರು ಅಂಕಿಗಳಲ್ಲಿ ನೀವು ನಂಬಬೇಕಾದದ್ದು ಯಾವುದು? ಅತ್ಯಂತ ಚಿಕ್ಕದನ್ನು. ಯಂತ್ರ ಸುಮ್ಮನೆ ನಿಂತಾಗಿನ ಅಳತೆಗಿಂತ, ಅದರ ಅತಿ ಕಷ್ಟದ ಗಳಿಗೆಯ ಅಳತೆಯೇ ನಿಜವಾದ ಅಳತೆ. ವಿಮಾನವಾಗಲಿ ಸೈಕಲ್ಲಾಗಲಿ, ಈ ಮಾತು ಬದಲಾಗುವುದಿಲ್ಲ.